‘ಆ ಮ್ಯಾಚ್ ನಾನು ಸ್ಟೇಡಿಯಂನಲ್ಲೇ ಕೂತು ನೋಡಿದ್ದು’: ಹಳೆಯ ಆಟದ ನೆನಪು ಎಷ್ಟು ನಿಜ?

ಮಾರ್ಚ್ ಬಂದರೆ ಸಾಕು, 1996ರ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್‌ನ ಫೋಟೋ, ವಿಡಿಯೋ ತುಣುಕುಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡತೊಡಗುತ್ತವೆ. ಕನಕಪುರದಂಥ ಊರಿನಲ್ಲಿ ಆ ಫೋಟೋ ನೋಡಿದ ಕೂಡಲೇ ಮನೆಯ ಹಿರಿಯರೊಬ್ಬರು ಶುರು ಮಾಡುತ್ತಾರೆ: ‘ಅವತ್ತು ನಾನು ಅಲ್ಲೇ ಇದ್ದೆ ಕಣ್ಲಾ, ಪ್ರಸಾದ್ ಬೈದಿದ್ದು ನನ್ನ ಕಿವಿಗೇ ಕೇಳಿಸ್ತು!’ ಹುಡುಗರು ಮುಸಿಮುಸಿ ನಗುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಯೇ? ಅಥವಾ ಕಣ್ಣಾರೆ ಕಂಡದ್ದೂ ತಪ್ಪಾಗಬಹುದೇ? ವಿಜ್ಞಾನ ಏನು ಹೇಳುತ್ತದೆ ಎಂದು ನೋಡೋಣ.

ಮೊದಲು, ಅವತ್ತು ನಡೆದದ್ದೇನು?

ಪಂದ್ಯ ನಡೆದದ್ದು 1996ರ ಮಾರ್ಚ್ 9, ಶನಿವಾರ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅದು ಹಗಲು-ರಾತ್ರಿ ಪಂದ್ಯ. ಭಾರತ 50 ಓವರ್‌ಗಳಲ್ಲಿ 8 ವಿಕೆಟ್‌ಗೆ 287 ರನ್ ಮಾಡಿತು. ನವಜೋತ್ ಸಿಂಗ್ ಸಿಧು 93 ಹೊಡೆದರು. ಅಜಯ್ ಜಡೇಜ 25 ಎಸೆತಗಳಲ್ಲಿ 45 ಬಾರಿಸಿದರು. ಪಾಕಿಸ್ತಾನ 49 ಓವರ್‌ಗಳಲ್ಲಿ 9 ವಿಕೆಟ್‌ಗೆ 248 ಮಾಡಿ, 39 ರನ್ನುಗಳಿಂದ ಸೋತಿತು.

ಎಲ್ಲರ ನೆನಪಿನಲ್ಲಿ ಉಳಿದಿರುವುದು ಒಂದೇ ಗಳಿಗೆ. ಆಮಿರ್ ಸೊಹೈಲ್ ಬೌಂಡರಿ ಹೊಡೆದು, ಬೌಂಡರಿಯ ಕಡೆಗೇ ಬ್ಯಾಟ್ ತೋರಿಸಿ ವೆಂಕಟೇಶ್ ಪ್ರಸಾದ್ ಅವರನ್ನು ಕೆಣಕಿದರು. ಮರು ಎಸೆತದಲ್ಲೇ ಸೊಹೈಲ್ ಬೌಲ್ಡ್.

‘ಆ ವಿಕೆಟ್ ಬಿತ್ತು, ಮ್ಯಾಚ್ ಮುಗೀತು’ ಎಂದೇ ಹಲವರು ಹೇಳುತ್ತಾರೆ. ಆದರೆ ಸ್ಕೋರ್ ಪಟ್ಟಿ ನೋಡಿ. ಸೊಹೈಲ್ ಔಟಾದಾಗ ಪಾಕಿಸ್ತಾನದ ಮೊತ್ತ 2 ವಿಕೆಟ್‌ಗೆ 113. ಗೆಲ್ಲಲು ಇನ್ನೂ 175 ರನ್ ಬೇಕಿತ್ತು, ಕೈಯಲ್ಲಿ 8 ವಿಕೆಟ್ ಇತ್ತು. ಆಮೇಲೂ ಆಟ ಬಹಳ ಹೊತ್ತು ನಡೆಯಿತು. ಅಷ್ಟು ಉದ್ದದ ಆಟವನ್ನು ನಮ್ಮ ನೆನಪು ಎರಡೇ ಎಸೆತಕ್ಕೆ ಇಳಿಸಿಬಿಟ್ಟಿದೆ.

ನಂಬಿಕೆ: ನೆನಪು ಎಂದರೆ ತಲೆಯೊಳಗಿನ ವಿಡಿಯೋ

ಇದು ತಪ್ಪು. ನಮ್ಮ ಮಿದುಳು ಯಾವ ಘಟನೆಯನ್ನೂ ಇಡಿಯಾಗಿ ಚಿತ್ರೀಕರಿಸಿ ಇಟ್ಟುಕೊಳ್ಳುವುದಿಲ್ಲ. ಕಂಡದ್ದು, ಕೇಳಿದ್ದು, ಆಗಿನ ಭಾವನೆ ಎಲ್ಲವೂ ಬಿಡಿಬಿಡಿ ತುಣುಕುಗಳಾಗಿ ಉಳಿಯುತ್ತವೆ. ನೆನಪಿಸಿಕೊಂಡಾಗ ಮಿದುಳು ಆ ತುಣುಕುಗಳನ್ನು ಮತ್ತೆ ಜೋಡಿಸುತ್ತದೆ. ನಡುವೆ ಖಾಲಿ ಜಾಗವಿದ್ದರೆ ಆಮೇಲೆ ಕೇಳಿದ, ಓದಿದ, ಟಿವಿಯಲ್ಲಿ ನೋಡಿದ ಸಂಗತಿಗಳಿಂದ ತುಂಬಿಸುತ್ತದೆ. ಹೀಗೆ ತುಂಬಿಸಿದ್ದು ನಮಗೆ ಗೊತ್ತೇ ಆಗುವುದಿಲ್ಲ.

ಸಂತೋಷ, ಭಯ, ಉದ್ವೇಗ ಇದ್ದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ಚುರುಕಾಗಿ, ಆ ಗಳಿಗೆಯ ಮುಖ್ಯ ಅಂಶ ಗಟ್ಟಿಯಾಗಿ ಅಚ್ಚಾಗಲು ನೆರವಾಗುತ್ತದೆ. ಆದ್ದರಿಂದಲೇ ಸೊಹೈಲ್ ವಿಕೆಟ್ ಯಾರಿಗೂ ಮರೆತಿಲ್ಲ. ಆದರೆ ಅಕ್ಕಪಕ್ಕದ ವಿವರಗಳಿಗೆ ಆ ಗಟ್ಟಿತನ ಇರುವುದಿಲ್ಲ.

1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡಿತು. ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಮರುದಿನವೇ ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ’ ಎಂದು ಬರೆಸಿಟ್ಟುಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಅದೇ ಪ್ರಶ್ನೆ ಮತ್ತೆ ಕೇಳಿದರು. ಸುಮಾರು ಕಾಲು ಭಾಗದಷ್ಟು ಮಂದಿಯ ಮುಖ್ಯ ಉತ್ತರಗಳೆಲ್ಲ ಮೊದಲಿನದಕ್ಕಿಂತ ಬೇರೆಯಾಗಿದ್ದವು. ಆದರೂ ಹಲವರಿಗೆ ತಮ್ಮ ನೆನಪಿನ ಮೇಲೆ ಪೂರ್ತಿ ಭರವಸೆ ಇತ್ತು!

ಕಂಡದ್ದು ಗ್ಯಾಲರಿಯಿಂದಲೋ, ಟಿವಿಯಿಂದಲೋ?

ಈಗ ಪ್ರಸಾದ್ ಬೈದ ಮಾತಿಗೆ ಬರೋಣ. ಸಾವಿರಾರು ಜನ ಕೂಗುತ್ತಿರುವಾಗ, ಪಿಚ್ ಹತ್ತಿರ ಆಡಿದ ಮಾತು ಗ್ಯಾಲರಿಯಲ್ಲಿ ಕೂತವರ ಕಿವಿಗೆ ಬೀಳುವುದು ಸಾಧ್ಯವಿಲ್ಲ. ಹಾಗಾದರೆ ಅದು ನೆನಪಿಗೆ ಬಂದದ್ದು ಹೇಗೆ? ಟಿವಿಯ ಮರುಪ್ರಸಾರದಿಂದ, ಸಂದರ್ಶನಗಳಿಂದ, ಫಾರ್ವರ್ಡ್‌ಗಳಿಂದ. ಸಂಗತಿ ನೆನಪಿರುತ್ತದೆ, ಅದು ಎಲ್ಲಿಂದ ಬಂತು ಎಂಬುದು ಮರೆತುಹೋಗುತ್ತದೆ. ವಿಜ್ಞಾನಿಗಳು ಇದನ್ನು ‘ಮೂಲದ ಗೊಂದಲ’ ಎಂದು ಗುರುತಿಸುತ್ತಾರೆ.

ಇನ್ನೊಂದು ಉದಾಹರಣೆ. ಅದೇ ವರ್ಷ ಅಕ್ಟೋಬರ್ 21ರಂದು ಇದೇ ಮೈದಾನದಲ್ಲಿ ಟೈಟನ್ ಕಪ್ ಪಂದ್ಯ ನಡೆಯಿತು. ಆಸ್ಟ್ರೇಲಿಯಾದ 215 ರನ್ ಬೆನ್ನಟ್ಟಿದ ಭಾರತ ಸಚಿನ್ 88 ಹೊಡೆದರೂ ಸೋಲುವ ಸ್ಥಿತಿಗೆ ಬಂದಿತ್ತು. ನಮ್ಮವರೇ ಆದ ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಒಂಬತ್ತನೇ ವಿಕೆಟ್‌ಗೆ ಮುರಿಯದ 52 ರನ್ ಸೇರಿಸಿ ಗೆಲ್ಲಿಸಿದರು. ಗ್ಯಾಲರಿಯಲ್ಲಿ ಆತಂಕದಿಂದ ಕೂತಿದ್ದ ಕುಂಬ್ಳೆಯವರ ತಾಯಿಯ ಮುಖ ಇವತ್ತಿಗೂ ಅನೇಕರ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಮುಖವನ್ನು ಹತ್ತಿರದಿಂದ ತೋರಿಸಿದ್ದು ಟಿವಿ ಕ್ಯಾಮೆರಾ. ದೂರದ ಸ್ಟ್ಯಾಂಡಿನಲ್ಲಿ ಕೂತವರ ಬರಿಗಣ್ಣಿಗೆ ಅದು ಕಾಣುವಂತಿರಲಿಲ್ಲ.

ಹೀಗಾಗಿ ನಿಮ್ಮ ದೊಡ್ಡಪ್ಪ ನಿಜವಾಗಿಯೂ ಸ್ಟೇಡಿಯಂಗೆ ಹೋಗಿರಬಹುದು, ಮಾತು ಮಾತ್ರ ಟಿವಿಯಿಂದ ಸೇರಿಕೊಂಡಿರಬಹುದು. ಇದು ಸುಳ್ಳಲ್ಲ. ಸುಳ್ಳು ಹೇಳುವವರಿಗೆ ತಾವು ಹೇಳುತ್ತಿರುವುದು ಸುಳ್ಳು ಎಂದು ಗೊತ್ತಿರುತ್ತದೆ. ಇವರಿಗೆ ಗೊತ್ತಿರುವುದಿಲ್ಲ.

ಗೆದ್ದ ಆಟವೇ ಯಾಕೆ ಹೆಚ್ಚು ನೆನಪು?

ಅಮೆರಿಕದಲ್ಲಿ ಬೇಸ್‌ಬಾಲ್ ಅಭಿಮಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬದ್ಧ ಎದುರಾಳಿಗಳಾದ ಎರಡು ತಂಡಗಳ 2003 ಮತ್ತು 2004ರ ಪಂದ್ಯಗಳ ಬಗ್ಗೆ ಕೇಳಲಾಯಿತು. ತಮ್ಮ ತಂಡ ಗೆದ್ದ ಪಂದ್ಯದ ವಿವರಗಳೇ ಜನರಿಗೆ ಹೆಚ್ಚು ಸರಿಯಾಗಿ ನೆನಪಿದ್ದವು. ಗೆದ್ದ ಆಟವನ್ನು ನಾವು ಮತ್ತೆ ಮತ್ತೆ ಮಾತಾಡುತ್ತೇವೆ, ಮತ್ತೆ ಮತ್ತೆ ನೋಡುತ್ತೇವೆ. ಸೋತದ್ದನ್ನು ಬಿಟ್ಟುಬಿಡುತ್ತೇವೆ.

ವಯಸ್ಸಿನ ಪಾತ್ರವೂ ಇದೆ. ನಡುವಯಸ್ಸು ದಾಟಿದವರನ್ನು ಕೇಳಿದರೆ, ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳೇ ಹೆಚ್ಚಾಗಿ ಬರುತ್ತವೆ. 1996ರಲ್ಲಿ 20 ವರ್ಷದವರಾಗಿದ್ದವರಿಗೆ ‘ಆಗಿನ ಕ್ರಿಕೆಟ್ಟೇ ಕ್ರಿಕೆಟ್ಟು’ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಹಳೆಯದನ್ನು ನೆನೆಯುವುದು ಕಾಯಿಲೆಯೇ?

ಒಂದು ಕಾಲದಲ್ಲಿ ಹಾಗೆ ತಿಳಿದಿದ್ದರು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ‘ನಾಸ್ಟಾಲ್ಜಿಯಾ’ ಎಂಬ ಪದ ಕಟ್ಟಿದ್ದೇ ಊರಿನ ಹಂಬಲದಿಂದ ಕೊರಗುವವರ ರೋಗಕ್ಕೆ ಹೆಸರಾಗಿ. ಈಗಿನ ಅಧ್ಯಯನಗಳು ಬೇರೆಯೇ ಹೇಳುತ್ತವೆ: ಹಳೆಯದನ್ನು ಪ್ರೀತಿಯಿಂದ ನೆನೆದಾಗ ಒಂಟಿತನ ಕಡಿಮೆ ಅನ್ನಿಸುತ್ತದೆ, ನಮ್ಮವರು ಎಂಬ ಭಾವ ಹೆಚ್ಚುತ್ತದೆ. ಹಾರೋಹಳ್ಳಿ, ಕಗ್ಗಲೀಪುರ ದಾಟಿ ಗೆಳೆಯರ ಜೊತೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋದ ಕತೆಯಲ್ಲಿ ಸ್ಕೋರಿಗಿಂತ ಆ ಗೆಳೆಯರೇ ಮುಖ್ಯ.

ಸ್ಕೋರ್ ತಪ್ಪಿ ಹೇಳಿದರು ಎಂದ ಮಾತ್ರಕ್ಕೆ ‘ಅಪ್ಪನಿಗೆ ಮರೆವಿನ ಕಾಯಿಲೆ’ ಎಂದು ಹೆದರಬೇಕಿಲ್ಲ. ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವುದು, ಗೊತ್ತಿರುವ ದಾರಿಯಲ್ಲೇ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಹಿಡಿಯಲಾಗದಿರುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಪರೀಕ್ಷಿಸುವುದು ಹೇಗೆ?

• ಕಾಲಕ್ಕೆ ಹೊಂದದ್ದನ್ನು ಹುಡುಕಿ. ‘96ರಲ್ಲಿ ಮೆಟ್ರೋದಲ್ಲಿ ಎಂ.ಜಿ. ರಸ್ತೆಗೆ ಇಳಿದೆವು’ ಎಂದರೆ ಬೇರೆ ಪಂದ್ಯದ ನೆನಪು ಬೆರೆತಿದೆ ಎಂದರ್ಥ, ಏಕೆಂದರೆ ಅಲ್ಲಿಗೆ ಮೆಟ್ರೋ ಬಂದದ್ದು 2011ರ ಅಕ್ಟೋಬರ್‌ನಲ್ಲಿ. ಹಾಗೆಯೇ ರಾಮನಗರ ಜಿಲ್ಲೆ ಆದದ್ದು 2007ರಲ್ಲಿ. 1996ರಲ್ಲಿ ಕನಕಪುರ ಇದ್ದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ.
• ಬಾಯಿಗೆ ಮಾತು ಹಾಕಬೇಡಿ. ‘ಪ್ರಸಾದ್ ಬೈದಿದ್ದು ಕೇಳಿಸ್ತಾ?’ ಎನ್ನುವ ಬದಲು ‘ಆಮೇಲೆ ಏನಾಯ್ತು?’ ಎಂದು ಕೇಳಿ. ಪ್ರಶ್ನೆಯ ಒಂದು ಪದ ಬದಲಾದರೂ ನೆನಪು ಬದಲಾಗುತ್ತದೆ ಎಂದು ಎಲಿಜಬೆತ್ ಲಾಫ್ಟಸ್ 1974ರಲ್ಲೇ ತೋರಿಸಿದ್ದಾರೆ.
• ಮೊದಲು ಅವರ ಕತೆ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ವಿಡಿಯೋ ತೋರಿಸಿ. ಮೊದಲೇ ತೋರಿಸಿದರೆ ವಿಡಿಯೋದಲ್ಲಿರುವುದೇ ಅವರ ನೆನಪಾಗಿಬಿಡುತ್ತದೆ.
• ಟಿಕೆಟ್, ಹಳೆಯ ಫೋಟೋ, ಸ್ಕೋರ್ ಪಟ್ಟಿ ಜೊತೆ ತಾಳೆ ನೋಡಿ.

ಇದು ಬರೀ ಆಟದ ವಿಷಯವಲ್ಲ

2025ರ ಜೂನ್ 4ರಂದು ಇದೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಇಂಥ ಘಟನೆಯಲ್ಲಿ ಅಲ್ಲಿದ್ದವರ ಮಾತಿಗೆ ಬಹಳ ಬೆಲೆ ಇದೆ. ಆದರೆ ಗ್ರೂಪಿನಲ್ಲಿ ನೂರು ವಿಡಿಯೋ ನೋಡಿದ ಮೇಲೆ ತಾನು ಕಂಡದ್ದು ಯಾವುದು, ಫಾರ್ವರ್ಡ್‌ನಲ್ಲಿ ನೋಡಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಕಂಡವರು ಕೂಡಲೇ ಬರೆದಿಡಬೇಕು, ಕಾಣದವರು ಗೊತ್ತಿಲ್ಲದ್ದನ್ನು ಹಂಚದೆ ಸುಮ್ಮನಿರಬೇಕು.

ಒಟ್ಟಿನಲ್ಲಿ: ಗಟ್ಟಿಯಾಗಿ ನೆನಪಿದೆ ಎಂದ ಮಾತ್ರಕ್ಕೆ ಅದು ಹಾಗೆಯೇ ನಡೆದಿತ್ತು ಎಂದಲ್ಲ, ವಿವರ ತಪ್ಪಿತು ಎಂದ ಮಾತ್ರಕ್ಕೆ ಹೇಳಿದವರು ಸುಳ್ಳುಗಾರರೂ ಅಲ್ಲ. ಮುಂದಿನ ಸಲ ಹಿರಿಯರು ಕತೆ ಶುರು ಮಾಡಿದಾಗ ನಗಬೇಡಿ, ಕೂತು ಕೇಳಿ. ಸ್ಕೋರನ್ನು ಆಮೇಲೆ ನೋಡಿಕೊಳ್ಳಬಹುದು.