ನಾಲೆ ಸೀಮೆಯ ತುಕ್ಕು

ಕಡಲಿಲ್ಲದ ಮಂಡ್ಯದಲ್ಲಿ ಸರಕು ಹೊರುವ ಪಿಕಪ್ ಗಾಡಿಗಳ ಚಾಸಿಗೆ ಒಳಗಿಂದೊಳಗೇ ತುಕ್ಕು ಹಿಡಿಯುವುದೇಕೆ? ಕಾರಣ ಹುಡುಕುತ್ತ ಹೋದರೆ ನೀರಾವರಿಯ ಚರಿತ್ರೆಗೇ ಹೋಗಿ ಮುಟ್ಟುತ್ತೇವೆ. 1911ರಲ್ಲಿ ಕಟ್ಟಲು ತೊಡಗಿದ ಕನ್ನಂಬಾಡಿ ಅಣೆಕಟ್ಟೆ, ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಅಂದಿನ ಇರ್ವಿನ್ ನಾಲೆ, 1933ರ ಮೈಷುಗರ್ ಕಾರ್ಖಾನೆ, ಇವು ಮಂಡ್ಯ, ಮದ್ದೂರು, ಮಳವಳ್ಳಿಗಳ ಎಷ್ಟೋ ರಾಗಿ ಹೊಲಗಳನ್ನು ಕಬ್ಬು ಭತ್ತದ ಗದ್ದೆಗಳಾಗಿಸಿದವು. ಸರಕು ಹಸಿಯಾಯಿತು, ಗದ್ದೆಯ ದಾರಿ ಕೆಸರಾಯಿತು. ಎತ್ತಿನ ಗಾಡಿಗೂ ಸವೆತವಿತ್ತು. ಆದರೆ ಮರದ ಕೊಳೆತ, ಚಕ್ರದ ಪಟ್ಟಾದ ತೇಯ್ತ ಕಣ್ಣಿಗೆ ಕಾಣುತ್ತಿತ್ತು, ಬಡಗಿ ಕಮ್ಮಾರರು ಹತ್ತಿರದಲ್ಲೇ ಇದ್ದರು. ಉಕ್ಕಿನ ಟೊಳ್ಳು ಚಾಸಿ ಬಂದ ಮೇಲೆ ಸವೆತ ಮರೆಯಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಉಪ್ಪುಗಾಳಿಯೇ ಇಲ್ಲದಲ್ಲಿ ಇಷ್ಟು ತುಕ್ಕೆಲ್ಲಿಯದು ಎಂದು ಕೇಳಬಹುದು. ಉಪ್ಪು ಗಾಡಿಯ ಮೇಲೆಯೇ ಬರುತ್ತದೆ: ಗದ್ದೆಗೆ ಸುರಿಯುವ ಪೊಟ್ಯಾಷ್ ಗೊಬ್ಬರ ಬಹುಪಾಲು ಕ್ಲೋರೈಡ್ ಲವಣ. ಸೋರಿದ ಕಬ್ಬಿನ ಹಾಲು ಹುಳಿತು ಆಮ್ಲವಾಗುತ್ತದೆ. ಕೆಸರು ಇವೆರಡನ್ನೂ ಚಾಸಿಯ ಮೂಲೆಗಳಲ್ಲಿ, ಪಟ್ಟಿ ಸ್ಪ್ರಿಂಗಿನ ಕೊಂಡಿಗಳ ಹಿಂದೆ ತೇವವಾಗಿ ಹಿಡಿದಿಡುತ್ತದೆ. ಚಾಸಿ ಮುರಿಯುವುದು ಮಿತಿಮೀರಿದ ಹೊರೆಯಿಂದ, ತುಕ್ಕಿನಿಂದಲ್ಲ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಹೊರೆಗೆ ಬಾಗಿದ ಉಕ್ಕಿನ ಬಣ್ಣ ಬಿರಿಯುತ್ತದೆ, ಬಿರುಕಿಗೆ ನೀರಿಳಿಯುತ್ತದೆ; ತೆಳುವಾದ ಉಕ್ಕು ಮರುವರ್ಷ ಅದೇ ಹೊರೆಗೆ ಸೋಲುತ್ತದೆ. ಎಫ್‌ಸಿ ಎಂಬ ಯೋಗ್ಯತಾ ಪತ್ರದ ತಪಾಸಣೆಗೆ ಮುನ್ನ ಮೇಲೆ ಬಳಿದ ಕಪ್ಪು ಬಣ್ಣ ಇದನ್ನು ತಡೆಯದು, ಮುಚ್ಚುತ್ತದೆ ಅಷ್ಟೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ.