ಹೆಸರಿಲ್ಲದ ಹುದ್ದೆ: ಎಲೆಕ್ಟ್ರಾನಿಕ್ ಸಿಟಿಯ ಸಂಶೋಧನಾ ಗಣನೆ ಕುರಿತು ಒಂದು ಟಿಪ್ಪಣಿ

ಸೂಪರ್‌ಕಂಪ್ಯೂಟರುಗಳ ಲೆಕ್ಕವನ್ನು ನಾವು ಚೆನ್ನಾಗಿಯೇ ಇಟ್ಟಿದ್ದೇವೆ. 2015ರಲ್ಲಿ ಮಂಜೂರಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನ ಮೊತ್ತ 4,500 ಕೋಟಿ ರೂಪಾಯಿ; 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಪರಮ್ ಪ್ರವೇಗ’ದ ಶಕ್ತಿ 3.3 ಪೆಟಾಫ್ಲಾಪ್ಸ್. ಆ ಯಂತ್ರಗಳಿಗೆ ಕೆಲಸ ಒಪ್ಪಿಸಿದವರು ಯಾರು, ಅವರ ಕೋಡು ನಡುದಾರಿಯಲ್ಲಿ ಕುಸಿದಾಗ ಪಕ್ಕದಲ್ಲಿ ಕೂತು ಸರಿಪಡಿಸಿದವರು ಯಾರು ಎಂಬ ಲೆಕ್ಕ ಮಾತ್ರ ಅಷ್ಟು ಸುಲಭಕ್ಕೆ ಕೈಗೆ ಸಿಗದು. ಮಹಿಳಾ ಸಂಶೋಧಕರ ಮಟ್ಟಿಗೆ ಈ ಎರಡನೆಯ ಲೆಕ್ಕವೇ ಮುಖ್ಯ ಎಂದು ನನಗೆ ತೋರುತ್ತದೆ.

ಆ ಲೆಕ್ಕವನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಿಂದಲೇ ಹುಡುಕೋಣ. 1978ರಲ್ಲಿ ಆರ್. ಕೆ. ಬಾಳಿಗಾ ಅವರ ಕನಸಿನಂತೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಟ್ಟಿದ ಈ ಬಡಾವಣೆ ಕಂಪನಿಗಳ ಊರೆಂದೇ ಹೆಸರಾಯಿತು. ಇಲ್ಲಿ ಸಂಶೋಧನೆಯೂ ನಡೆಯುತ್ತದೆ ಎಂಬುದು ಹೊಸೂರು ರಸ್ತೆಯಲ್ಲಿ ದಿನಾ ಓಡಾಡುವವರಲ್ಲೂ ಹಲವರಿಗೆ ಗೊತ್ತಿರಲಾರದು. 26/ಸಿ ನಿವೇಶನದಲ್ಲಿ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಅಂದರೆ ಐಐಐಟಿ-ಬಿ ಇದೆ. ಬಯೋಟೆಕ್ ಪಾರ್ಕಿನಲ್ಲಿ ಜೈವಿಕ ಮಾಹಿತಿ ವಿಜ್ಞಾನದ ಸಂಸ್ಥೆ ಐಬಿಎಬಿ ಇದೆ. ಈ ಎರಡನೆಯದು ಮೊದಲು ವೈಟ್‌ಫೀಲ್ಡಿನ ಐಟಿಪಿಎಲ್ ತಂತ್ರಜ್ಞಾನ ಪಾರ್ಕಿನಲ್ಲಿತ್ತು.

ಐಐಐಟಿ-ಬಿಯ ಪ್ರಾಧ್ಯಾಪಕಿ ಜಯಾ ಶ್ರೀವತ್ಸನ್ ನಾಯರ್ ಅವರ ವೃತ್ತಿಜೀವನ ಈ ಟಿಪ್ಪಣಿಗೆ ಮುಖ್ಯ ಆಧಾರ. ಮದ್ರಾಸ್ ಐಐಟಿಯಲ್ಲಿ ವೈಮಾಂತರಿಕ್ಷ ಎಂಜಿನಿಯರಿಂಗ್ ಓದಿ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಿಎಚ್‌.ಡಿ. ಮುಗಿಸಿದ ಅವರು ಬೆಂಗಳೂರಿಗೆ ಬರುವ ಮೊದಲು ಆಸ್ಟಿನ್‌ನ ಟೆಕ್ಸಸ್ ಅಡ್ವಾನ್ಸ್ಡ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಕೆಲಸ ಮಾಡಿದ್ದರು. ವಿಶ್ವವಿದ್ಯಾಲಯದೊಳಗಿನ ಆ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಬೇರೆಯವರ ಸಂಶೋಧನೆಗೆ ನೆರವಾಗುವುದೇ ಸಂಬಳದ ಕೆಲಸವಾಗಿರುವ ಸಿಬ್ಬಂದಿ ಇದ್ದಾರೆ. ಜಯಾ ಅವರೀಗ ಲೇಸರ್ ಅಳತೆಯಿಂದ ಬರುವ ಕೋಟಿಗಟ್ಟಲೆ ಬಿಂದುಗಳ ರಾಶಿಯಿಂದ ಕಟ್ಟಡ, ಮರ, ನೆಲಗಳನ್ನು ಬೇರ್ಪಡಿಸಿ ನೋಡುವ ದೃಶ್ಯೀಕರಣದ ಕೆಲಸದಲ್ಲಿದ್ದಾರೆ. ಒಂದೇ ಯಂತ್ರದ ಮೆಮೊರಿಗೆ ಹಿಡಿಸದ ದತ್ತಾಂಶ ಅದು. ಹಲವು ಯಂತ್ರಗಳಿಗೆ ಹಂಚದೆ ವಿಧಿಯಿಲ್ಲ. ನೆರವಿನ ಮೇಜಿನ ಎರಡೂ ಬದಿಯನ್ನು ಬಲ್ಲ ಇಂಥವರು ಎಷ್ಟು ಮಂದಿ ಇದ್ದಾರೋ, ಅವರ ಈಗಿನ ಪದನಾಮ ನೋಡಿ ಹೇಳಲಾಗದು.

ಪದನಾಮವೇ ಇಲ್ಲಿನ ತೊಡಕು. ಸಂಶೋಧನೆಯ ಕೋಡು ಬರೆದು ನೋಡಿಕೊಳ್ಳುವವರಿಗೆ ‘ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರು ಹುಟ್ಟಿದ್ದು 2012ರಲ್ಲಿ, ಆಕ್ಸ್‌ಫರ್ಡಿನ ಒಂದು ಕಾರ್ಯಾಗಾರದಲ್ಲಿ. ಮರುವರ್ಷ ಎಡಿನ್‌ಬರೋದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ‘ವಿಮೆನ್ ಇನ್ ಎಚ್‌ಪಿಸಿ’ ಎಂಬ, ಉನ್ನತ ಸಾಮರ್ಥ್ಯದ ಗಣನೆಯಲ್ಲಿ ತೊಡಗಿದ ಮಹಿಳೆಯರ ಕೂಟ ಮೊದಲಾಯಿತು. ಎರಡೂ ಹೆಸರು ಹೊಸವು, ಕೆಲಸ ಹಳೆಯದು. ಪ್ರೋಟೀನುಗಳ ರಚನೆಯನ್ನು ಜಾಲಗಳಾಗಿ ಓದಿದ ಭಾರತೀಯ ವಿಜ್ಞಾನ ಸಂಸ್ಥೆಯ ಸರಸ್ವತಿ ವಿಶ್ವೇಶ್ವರ ಅವರು ಪಿಎಚ್‌.ಡಿ. ನಂತರ ಕಾರ್ನೆಗಿ ಮೆಲನ್‌ನಲ್ಲಿ ಜಾನ್ ಪೋಪಲ್ ಅವರ ಬಳಿ ಕೆಲಸ ಮಾಡಿದ್ದರು. 1970ರಲ್ಲಿ ‘ಗಾಸಿಯನ್’ ಎಂಬ ಪ್ರೋಗ್ರಾಮನ್ನು ಹೊರತಂದದ್ದು ಪೋಪಲ್ ಗುಂಪು. 1998ರಲ್ಲಿ ಪೋಪಲ್‌ಗೆ ನೊಬೆಲ್ ಬಂದದ್ದೂ ರಸಾಯನಶಾಸ್ತ್ರದ ಗಣನಾ ವಿಧಾನಗಳಿಗಾಗಿಯೇ. ಪ್ರೋಗ್ರಾಂ ಬರೆಯುವುದು ಅಲ್ಲಿ ವಿಜ್ಞಾನದ ಹೊರಗಿನ ಚಾಕರಿ ಆಗಿರಲಿಲ್ಲ.

ಪಂಚ್ ಕಾರ್ಡಿನ ಕಟ್ಟು ಹೊತ್ತು ಕಂಪ್ಯೂಟರ್ ಸೆಂಟರಿನ ಬಾಗಿಲಿಗೆ ಹೋಗಬೇಕಿದ್ದ ಕಾಲ ಮುಗಿದಿದೆ. ಕೋನಪ್ಪನ ಅಗ್ರಹಾರದ ಬಾಡಿಗೆ ಕೋಣೆಯಿಂದ ರಾತ್ರಿ ಹನ್ನೊಂದಕ್ಕೆ ಲಾಗಿನ್ ಆಗಿ ಕ್ಯೂಗೆ ಜಾಬ್ ಹಾಕಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ದಾಟುವ ಶಿಕ್ಷೆ ಇಲ್ಲ. (ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗದ ಮೆಟ್ರೊ ಬಂದದ್ದು 2025ರ ಆಗಸ್ಟಿನಲ್ಲಿ, ದೂರದ ಲಾಗಿನ್ ಅದಕ್ಕಿಂತ ಎಷ್ಟೋ ಮೊದಲೇ ಬಂದಿತ್ತು.) ಇದರಿಂದ ಅಡ್ಡಿಯೆಲ್ಲ ನಿವಾರಣೆಯಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಜಾಬ್ ಬೆಳಗಿನ ಜಾವ ಮೂರಕ್ಕೆ ಮೆಮೊರಿ ಸಾಲದೆ ಸಾಯುತ್ತದೆ. ಲೈಬ್ರರಿಯ ಆವೃತ್ತಿ ಹೊಂದದೆ ಕೋಡು ಕಂಪೈಲ್ ಆಗುವುದಿಲ್ಲ. ನೂರು ಕೋರ್ ಕೇಳಿದ ಪ್ರೋಗ್ರಾಂ ಒಂದರಲ್ಲೇ ಓಡಿ ಉಳಿದವು ಸುಮ್ಮನೆ ಕೂತಿರುತ್ತವೆ. ಇವು ಕೈಪಿಡಿ ಓದಿ ಕಲಿಯುವಂಥವಲ್ಲ. ಹಾಸ್ಟೆಲ್ಲಿನಲ್ಲಿ, ಲ್ಯಾಬಿನಲ್ಲಿ ತಡರಾತ್ರಿಯ ಚಹದ ಜೊತೆ ಸೀನಿಯರುಗಳಿಂದ ಬಾಯಿಗೆ ಬಾಯಿ ದಾಟುವ ತಿಳಿವಳಿಕೆ ಇದು. ಆ ಗುಂಪಿನಲ್ಲಿ ಕೂರದವಳಿಗೆ, ಮಗುವನ್ನು ಮಲಗಿಸಿ ಲಾಗಿನ್ ಆಗುವವಳಿಗೆ, ಜೀವವಿಜ್ಞಾನ ಓದಿ ತಡವಾಗಿ ಕೋಡಿಗೆ ಬಂದವಳಿಗೆ ಬೇಕಾದದ್ದು ಕೆಲಸದ ವೇಳೆಯಲ್ಲಿ, ಸಂಕೋಚವಿಲ್ಲದೆ ಕೇಳಬಹುದಾದ ಒಬ್ಬ ಎಂಜಿನಿಯರ್.

ಇನ್ನೊಂದು ಆಧಾರ ವೈಟ್‌ಫೀಲ್ಡಿನದು. 2014ರ ಮೇ 29ರಂದು ‘ನೇಚರ್’ ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟವಾಯಿತು. ಜಾನ್ಸ್ ಹಾಪ್ಕಿನ್ಸ್ ಜೊತೆ ಅದನ್ನು ಸಿದ್ಧಪಡಿಸಿದ್ದು ಐಟಿಪಿಎಲ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್. 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿ, ಎಲ್ಲರೂ ನೋಡಬಲ್ಲ ಪೋರ್ಟಲಾಗಿ ತೆರೆದಿಟ್ಟ ಕೆಲಸ ಅದು. ಲೇಖಕರ ಪಟ್ಟಿಯಲ್ಲಿ ಎರಡನೆಯ ಹೆಸರು ಸ್ನೇಹಾ ಎಂ. ಪಿಂಟೊ. ಮುಂದಕ್ಕೆ ಬೇಬಿಲಕ್ಷ್ಮಿ ಮುತ್ತುಸಾಮಿ, ವಿಶಾಲಾಕ್ಷಿ ನಂಜಪ್ಪ, ಇನ್ನೂ ಹಲವು ಹೆಣ್ಣು ಹೆಸರುಗಳು. ಯಾರು ಯಾವ ಕೆಲಸ ಮಾಡಿದರು ಎಂದು ತಿಳಿಯಲು ಲೇಖನದ ಕೊನೆಯ ‘ಲೇಖಕರ ಕೊಡುಗೆ’ ಭಾಗಕ್ಕೆ ಹೋಗಬೇಕು. ಅಲ್ಲಿ ಎಲ್ಲರೂ ಬರಿಯ ಇನಿಷಿಯಲ್ಲುಗಳು. ಇಂಥ ಪಟ್ಟಿಗಳಿಂದ ಮಹಿಳೆಯರನ್ನು ಎಣಿಸಹೊರಟವರು ಎರಡು ಸಲ ಎಚ್ಚರವಾಗಿರಬೇಕು: ಹೆಸರಷ್ಟೇ ನೋಡಿ ಹೆಣ್ಣು ಗಂಡು ಎನ್ನುವುದು ನಮ್ಮಲ್ಲಿ ಸದಾ ಸರಿಹೋಗದು, ಇನಿಷಿಯಲ್ಲಿನಲ್ಲಂತೂ ಅಷ್ಟೂ ಸುಳಿವು ಉಳಿಯದು.

ಸಂಶೋಧನಾ ಸಂಸ್ಥೆಗೆ ಎಂಜಿನಿಯರುಗಳ ತಂಡವನ್ನು ಸಾಕಲು ಆಗುವುದೇ ಇಲ್ಲವೇ? ಐಐಐಟಿ-ಬಿಯಲ್ಲೇ 2018ರಿಂದ ‘ಮೋಸಿಪ್’ ಎಂಬ, ನಾಗರಿಕರ ಡಿಜಿಟಲ್ ಗುರುತಿಗಾಗಿನ ಮುಕ್ತ ತಂತ್ರಾಂಶ ವೇದಿಕೆಯನ್ನು ಕಟ್ಟಿ ನೋಡಿಕೊಳ್ಳುತ್ತಿದ್ದಾರೆ. ಫಿಲಿಪೀನ್ಸ್, ಮೊರಾಕ್ಕೊಗಳವರೆಗೆ ಅದು ಹೋಗಿದೆ. ಅದು ಸೂಪರ್‌ಕಂಪ್ಯೂಟರಿನ ಕೆಲಸವಲ್ಲ, ನಿಜ. ಆದರೂ ಸಾಫ್ಟ್‌ವೇರನ್ನು ಪ್ರಬಂಧದ ಜೊತೆ ಕೈಬಿಡದೆ ವರ್ಷಾನುಗಟ್ಟಲೆ ಸಾಕುವ ಏರ್ಪಾಡು ಅದೇ ಆವರಣದಲ್ಲಿ ಇದೆ. ಹೀಗಿದ್ದೂ ಪ್ರಯೋಗಾಲಯದಲ್ಲಿ ಕೋಡು ನೋಡಿಕೊಳ್ಳುವ ಹುಡುಗಿಯ ನೇಮಕ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ‘ಪ್ರಾಜೆಕ್ಟ್ ಅಸೋಸಿಯೇಟ್’ ಎಂದು. ಯೋಜನೆಯ ಅವಧಿ ಮುಗಿದ ದಿನ ಆ ಹುದ್ದೆಯೂ ಮುಗಿಯುತ್ತದೆ, ಅವಳ ಲಾಗಿನ್ನೂ.