ರೇಷ್ಮೆಹುಳುವಿನ ಉಸಿರು

ಕೀಟಗಳು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದಿಲ್ಲವೆಂದು ಗ್ರೀಸಿನ ಅರಿಸ್ಟಾಟಲನು ಬರೆದಿಟ್ಟನು. ದೊಡ್ಡವರ ಮಾತು, ಅದರ ಭಾರ ಬಹುಕಾಲ ಉಳಿಯಿತು. ಇಟಲಿಯ ಬೊಲೋನ್ಯದ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿಯು ವಾದಕ್ಕೆ ನಿಲ್ಲಲಿಲ್ಲ. ರೇಷ್ಮೆಹುಳುವನ್ನೇ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದನು.

ವಾಚಕರೇ, ಹುಳುವಿನ ಪಕ್ಕೆಗಳ ಮೇಲೆ ಸಾಲಾಗಿರುವ ಕಪ್ಪು ಚುಕ್ಕೆಗಳನ್ನು ನಮ್ಮ ರೇಷ್ಮೆಸೀಮೆಯಲ್ಲಿ ನೀವೂ ಕಂಡಿರಬಹುದು. ಪಕ್ಕೆಗೆ 9ರಂತೆ ಇರುವ ಅವು ಬರಿಯ ಬೊಟ್ಟುಗಳಲ್ಲ, ಬಾಗಿಲುಗಳು! ಅಲ್ಲಿಂದ ಒಳಹೊಕ್ಕ ನಾಳಗಳು ಮರದ ಕೊಂಬೆಗಳಂತೆ ಕವಲೊಡೆದು ಅಂಗಾಂಗಗಳಿಗೂ ಹಬ್ಬಿದ್ದವು. ಆ ರಂಧ್ರಗಳಿಗೆ ಎಣ್ಣೆ ಸವರಿದಾಗ ಹುಳು ಸತ್ತಿತು. ಕ್ರೂರ ಪರೀಕ್ಷೆಯೇ ಸರಿ. ಆದರೆ ಸಂದೇಹ ತೀರಿತು. 1669ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವನ ಗ್ರಂಥವನ್ನು ಪ್ರಕಟಿಸಿತು.

ನಮ್ಮಲ್ಲಿ ಆಮ್ಲಜನಕವನ್ನು ಹೊರುವುದು ರಕ್ತ. ಬಹುತೇಕ ಕೀಟಗಳಲ್ಲಿ ರಕ್ತಕ್ಕೆ ಆ ಚಾಕರಿಯಿಲ್ಲ. ಗಾಳಿಯೇ ನಾಳದ ತುದಿಯವರೆಗೆ ಹೋಗಿ ಅದನ್ನು ಜೀವಕೋಶಗಳಿಗೆ ಒಪ್ಪಿಸುತ್ತದೆ. ಹಾಗಾದರೆ ಅದನ್ನು ನೂಕುವವರಾರು? ಆಮ್ಲಜನಕವು ತಾನಾಗಿ ಹರಡುವುದೇ ಮರಿಹುಳುವಿಗೆ ಸಾಕೆಂದು 1920ರಲ್ಲಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಲೆಕ್ಕಮಾಡಿ ತೋರಿಸಿದನು. ಅದೂ ಪೂರ್ತಿ ಕತೆಯಲ್ಲ. 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಜೀವಂತ ಜೀರುಂಡೆಯೊಳಗೆ ಎಕ್ಸ್-ಕಿರಣ ಹಾಯಿಸಿ ನೋಡಿದರೆ, ತಲೆ ಮತ್ತು ಎದೆಯ ನಾಳಗಳು ನಮ್ಮ ಶ್ವಾಸಕೋಶದಂತೆ ಕುಗ್ಗುತ್ತ ಹಿಗ್ಗುತ್ತಲಿದ್ದವು!